ಹಿಮ ಬೀಳದ ಊರಿನ ಥಂಡಿ ಲೆಕ್ಕ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿ.ಮೀ. ದೂರಕ್ಕೆ ಕಮಲಾಪುರ, ನನ್ನ ತವರು. ಸಿಟಿ ದಾಟಿದರೆ ಕರಿ ಮಣ್ಣು, ತೊಗರಿ. ಕಮಲಾಪುರ ಹತ್ತಿರಾದಂತೆ ಮಣ್ಣು ಕೆಂಪಾಗುತ್ತದೆ. ಇಲ್ಲಿನ ಕೆಂಪು ಬಾಳೆಗೆ ಜಿಐ ಮಾನ್ಯತೆ ಸಿಕ್ಕಿದ್ದು ನಿಮಗೂ ಗೊತ್ತಿರಬೇಕು. ಆದರೆ ಈ ಸಲ ಎಳ್ಳಮಾವಾಸ್ಯೆಗೆ ಹೋದಾಗ ಎಲ್ಲರೂ ತೋರಿಸಿದ್ದು ಬಾಳೆ ಅಲ್ಲ, ಚೈನೀಸ್ ಕ್ಯಾಬೇಜ್!

ಇದು ಕೆನಡಾದಲ್ಲಿರುವ ಅಣ್ಣನ ಮಗಳ ಹಟ. ಅಲ್ಲಿ ಇದಕ್ಕೆ ನಾಪಾ ಅಂತಾರೆ. ಕೊರಿಯಾದವರು ಚಳಿಗಾಲಕ್ಕೆ ಮೊದಲು ಮನೆಮಂದಿಯೆಲ್ಲ ಕೂಡಿ ಇದರ ಕಿಮ್ಚಿ ಹಾಕುತ್ತಾರೆ, ನಾವು ಬೇಸಿಗೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ ಹಾಗೆ. ಆ ಪದ್ಧತಿ 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಕೆನಡಾದಲ್ಲಿ ಮೊದಲ ಹಿಮ ಬೀಳುವ ದಿನದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕುತ್ತಾರಂತೆ. "ಅಪ್ಪಾ, ನಮ್ಮೂರಾಗ ಫ್ರಾಸ್ಟ್ ಡೇಟ್ ಯಾವಾಗ?" ಅಂತ ಫೋನಿನಲ್ಲಿ ಕೇಳಿದಳು. ಅಣ್ಣ ನಕ್ಕ. "ಇಲ್ಲಿ ಹಿಮ ಎಲ್ಲಿ ಅದವ್ವ? ಬಿಸಿಲಿನ ಡೇಟ್ ಕೇಳು."

ಮಾತು ಖರೆ. ಈ ಕೋಸು ಚೆನ್ನಾಗಿ ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿ ತಂಪು ಬೇಕು. ನಮ್ಮಲ್ಲಿ ಆ ತಂಪು ಡಿಸೆಂಬರ್, ಜನವರಿಯಲ್ಲಿ, ಅದೂ ರಾತ್ರಿ ಹೊತ್ತು ಮಾತ್ರ. ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತೆಂದರೆ ಬಿಸಿಲು ಹೇಳತೀರದು. ಅದಕ್ಕೇ ಅಣ್ಣ ಅತ್ತಲಿಂದ ಹಿಂದಕ್ಕೆ ಎಣಿಸಿದ: ಹಸ್ತ ಮಳೆಯಲ್ಲಿ ಸಸಿ ಮಡಿ, ದೀಪಾವಳಿ ಆಸುಪಾಸು ನಾಟಿ, ಎರಡು-ಎರಡೂವರೆ ತಿಂಗಳಿಗೆ ಕೊಯ್ಲು. ತಡ ಮಾಡುವ ಹಾಗಿಲ್ಲ. ಪಕ್ಕದ ಹೊಲದವರು ಹೋದ ವರ್ಷ ಸಾದಾ ಕೋಸನ್ನೇ ಡಿಸೆಂಬರ್ ಕೊನೆಗೆ ನಟ್ಟಿದ್ದರು. ಗಡ್ಡೆ ಬಿಗಿಯಾಗುವ ಹೊತ್ತಿಗೆ ಬಿಸಿಲು ಏರಿತು, ಬೋರ್‌ವೆಲ್ ಇಳಿಯಿತು. ಸಸಿಯ ದುಡ್ಡೂ ಹುಟ್ಟಲಿಲ್ಲ.

ಅತ್ತಿಗೆಗೆ ಮಾತ್ರ ಸಮಾಧಾನ ಇಲ್ಲ. "ಆ ಜಾಗಕ್ಕ ಕಡ್ಲಿ ಹಾಕಿದ್ರ ನೀರೂ ಬೇಕಿದ್ದಿಲ್ಲ, ಮಾರೋ ಚಿಂತಿನೂ ಇದ್ದಿಲ್ಲ" ಅನ್ನುತ್ತಾಳೆ. ನನಗೂ ಆಕೆಯ ಲೆಕ್ಕವೇ ಸರಿ ಅನಿಸಿತು. ಒಂದು ಗಡ್ಡೆ ತಂದು ಕಲಬುರಗಿ ತರಕಾರಿ ಮಾರುಕಟ್ಟೆಯಲ್ಲಿ ತೋರಿಸಿದರೆ ವ್ಯಾಪಾರಿ ತಿರುಗಿಸಿ ನೋಡಿ, "ಇದ್ಯಾವ ಪಲ್ಯಾರಿ ಅಕ್ಕಾರ?" ಅಂದ. ಹಾಗಾಗಿ ಅಣ್ಣ ನಾಲ್ಕು ಸಾಲು ಮಾತ್ರ ಹಾಕಿದ್ದು ಒಳ್ಳೆಯದಾಯಿತು.

ಮೊದಲು ಬಲಿತ ಎರಡು ಗಡ್ಡೆಗಳನ್ನು ಅತ್ತಿಗೆ ಹಬ್ಬದ ಭಜ್ಜಿಗೇ ಹಾಕಿದಳು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಜೊತೆ ಉಂಡೆವು. ರುಚಿ ಚಲೋನೇ ಇತ್ತು. "ನೀರ್ ಭಾಳ ಬಿಡ್ತದ ನೋಡ್ರಿ" ಅಂದಳು ಅತ್ತಿಗೆ, ಇನ್ನೊಂದು ಸೌಟು ಬಡಿಸುತ್ತ.