ಭಾಷೆಯ ಕಾಲಂ

ಅವ್ವ ವೆಂಟಿಲೇಟರ್ ಮೇಲೆ ಹೋದ ಆರನೇ ದಿನ ನಾನು ಡಾಕ್ಟರಿಗೆ ಕೇಳಿದ್ದು, ನನ್ನ ಕ್ಲೈಂಟುಗಳು ವಾರಕ್ಕೆ ನಾಲ್ಕು ಸಲ ನನಗೆ ಕೇಳುವ ಪ್ರಶ್ನೆಯನ್ನೇ: ಯಾವ ತಾರೀಖಿಗೆ ಮುಗಿಯುತ್ತದೆ? ಅವರು ಸಣ್ಣಗೆ ನಕ್ಕು, 'ತಾರೀಖು ಹೇಳಬೇಕಾದವರು ಅಮ್ಮ, ನಾನಲ್ಲ' ಅಂದರು.

ನಾನು ಹೈದರಾಬಾದಿಗೆ ಬಂದು ಹದಿನೆಂಟು ವರ್ಷ. ಕುಷ್ಟಗಿ ಕಡೆಯ ಹಳ್ಳಿಯಿಂದ ಅವ್ವ ಬಂದು ಎರಡು ತಿಂಗಳೂ ಆಗಿರಲಿಲ್ಲ, ನ್ಯುಮೋನಿಯಾ ಹಿಡಿಯಿತು. ಯಂತ್ರಕ್ಕೆ ಹಾಕುವುದು ಕೆಲವು ನಿಮಿಷದ ಕೆಲಸ, ಅದನ್ನು ಬಿಡಿಸುವುದು ಹಾಗಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ರೋಗಿ ಯಂತ್ರದ ಮೇಲಿರುವ ಒಟ್ಟು ಕಾಲದಲ್ಲಿ ನೂರಕ್ಕೆ ಸುಮಾರು 40 ಪಾಲು ಬಿಡಿಸುವುದಕ್ಕೇ ಹೋಗುತ್ತದಂತೆ. ಎಲ್ಲ ಉಸಿರನ್ನೂ ಯಂತ್ರವೇ ದೂಡಿಕೊಟ್ಟರೆ ಎದೆಗೂ ಹೊಟ್ಟೆಗೂ ನಡುವಿನ ವಪೆ ಎರಡು ಮೂರು ದಿನದಲ್ಲೇ ಸೊರಗತೊಡಗುತ್ತದೆ. ಅದಕ್ಕೇ ಬೇಗ ಬಿಡಿಸಬೇಕು. ಅವಸರ ಮಾಡಿದರೆ ಮತ್ತೆ ಕೊಳವೆ ಇಳಿಸಬೇಕಾಗುತ್ತದೆ, ಅದು ಇನ್ನೂ ಅಪಾಯ. ಇದಕ್ಕೆ ಅವರು ವೀನಿಂಗ್ ಅನ್ನುತ್ತಾರೆ. ಕೂಸಿಗೆ ಮೊಲೆ ಬಿಡಿಸುವುದಕ್ಕೂ ಅದೇ ಪದ. ನನಗೆ ಬಿಡಿಸಲು ಅವ್ವ ಬೇವಿನ ರಸ ಹಚ್ಚಿಕೊಂಡಿದ್ದಳಂತೆ.

ದಿನಾ ಬೆಳಿಗ್ಗೆ ನಿದ್ದೆಯ ಔಷಧಿ ನಿಲ್ಲಿಸಿ ಎಚ್ಚರಿಸುತ್ತಾರೆ. ಬಿಪಿ, ಆಮ್ಲಜನಕ ಸರಿ ಇದ್ದರೆ ಯಂತ್ರದ ಆಸರೆಯನ್ನು ತೀರಾ ಇಳಿಸಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಸ್ವಂತ ಉಸಿರಾಟದ ಪರೀಕ್ಷೆ. ಉಸಿರು ನಿಮಿಷಕ್ಕೆ 35 ದಾಟಿತೋ, ಬೆವರಿದರೋ, ಅವತ್ತಿಗೆ ಸಾಕು, ಮರುದಿನ ಮತ್ತೆ. ಪಾಸಾದರೂ ಕೊಳವೆ ತೆಗೆಯುವ ಮೊದಲು ಇನ್ನೆರಡು ಸಂಗತಿ ನೋಡುತ್ತಾರೆ: ಕಫ ಹೊರಹಾಕುವಷ್ಟು ಜೋರಾಗಿ ಕೆಮ್ಮಬಲ್ಲರೇ? ಹೇಳಿದ್ದು ತಿಳಿಯುತ್ತಿದೆಯೇ? ನಾನು ಫೋನಿನಲ್ಲಿ ಒಂದು ಶೀಟ್ ಮಾಡಿಕೊಂಡು ಈ ಅಂಕಿಗಳನ್ನೆಲ್ಲ ದಿನಾ ತುಂಬುತ್ತಿದ್ದೆ. ಕೈಲಾಗದವನ ಕೆಲಸ.

ಎಂಟನೇ ದಿನ ಅವ್ವ ಉಸಿರಿನ ಪರೀಕ್ಷೆ ಪಾಸಾದಳು. ಇನ್ನೊಂದರಲ್ಲಿ ಎರಡು ದಿನ ನಪಾಸು. 'ಕಣ್ಣು ಬಿಡುತ್ತಾರೆ, ಹೇಳಿದ್ದನ್ನು ಮಾಡುತ್ತಿಲ್ಲ' ಎಂದು ಚಾರ್ಟಿನಲ್ಲಿ ಬರೆದರು. ಮಿದುಳಿನ ಸ್ಕ್ಯಾನ್ ಮಾಡಿಸೋಣ, ಹೀಗೇ ಮುಂದುವರಿದರೆ ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಇಡಬೇಕಾದೀತು ಎಂದರು. ನಾನು ತಲೆಯಾಡಿಸಿದೆ. ನನಗೆ ಒಳಗೆ ಬಿಡುತ್ತಿದ್ದದ್ದು ಸಂಜೆ ಹತ್ತು ನಿಮಿಷ. ಅಷ್ಟೊತ್ತಿಗೆ, ಚಡಪಡಿಸುತ್ತಾರೆಂದು, ಮತ್ತೆ ನಿದ್ದೆಯ ಔಷಧಿ ಹಾಕಿರುತ್ತಿದ್ದರು.

ಹತ್ತನೇ ದಿನ ಬೆಳಗಿನ ಪಾಳಿಯ ಸಿಸ್ಟರ್ ಹೊರಗೆ ಬಂದಳು. ಖಮ್ಮಂ ಕಡೆಯ ಹುಡುಗಿ. 'ಸಾರ್, ಅಮ್ಮಕಿ ತೆಲುಗು ವಸ್ತುಂದಾ?'

ಬರುವುದಿಲ್ಲ ಅಂದೆ. ಹಿಂದಿ? ಅದೂ ಇಲ್ಲ. ಆಕೆ ಫೈಲಿನ ಮೊದಲ ಪುಟ ತೆರೆದು ತೋರಿಸಿದಳು. ಭಾಷೆ ಎಂಬ ಕಾಲಮ್ಮಿನಲ್ಲಿ ನನ್ನದೇ ಕೈಬರಹ: ತೆಲುಗು, ಹಿಂದಿ, ಇಂಗ್ಲಿಷ್. ಆ ರಾತ್ರಿಯ ಗಡಿಬಿಡಿಯಲ್ಲಿ ನಾನು ನನ್ನ ವಿವರ ತುಂಬಿದ್ದೆ, ಅವ್ವನದಲ್ಲ. ಎರಡು ದಿನದಿಂದ ಅವರು 'ದಗ್ಗಂಡಮ್ಮಾ, ದಗ್ಗಂಡಿ' ಎಂದು ಕಿವಿಯಲ್ಲಿ ಕೂಗುತ್ತಿದ್ದರು. ದಗ್ಗು ಅಂದರೆ ಕೆಮ್ಮು ಎಂದು ಅವ್ವನಿಗೆ ಯಾರು ಹೇಳಬೇಕು?

ಮಿಕ್ಕವರ ಕಣ್ಣು ಮಾನಿಟರ್ ಮೇಲಿದ್ದಾಗ ಈ ಹುಡುಗಿ ಅವ್ವನ ಮುಖ ನೋಡಿದ್ದಳು. ಕೊಳವೆಯ ಪಕ್ಕದಲ್ಲಿ ತುಟಿ ಅಲ್ಲಾಡುತ್ತಿತ್ತಂತೆ, ಏನೋ ಕೇಳುವ ಹಾಗೆ. ಇದೇ ಊರಿನಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್, ಕ್ಲೋರೊಫಾರ್ಮ್ ಕೊಡುವಾಗ ನಾಡಿ ಹಿಡಿದು ಕೂರಬೇಡಿ, ಉಸಿರು ನೋಡಿ ಎಂದು ಹಟ ಹಿಡಿದಿದ್ದ. ಅದಕ್ಕಾಗಿ 1888ರಲ್ಲೊಂದು, 1889ರಲ್ಲಿ ನಿಜಾಮರ ದುಡ್ಡಿನಲ್ಲಿ ಇನ್ನೊಂದು ಆಯೋಗ ನಡೆದವು. ಹೃದಯಕ್ಕೆ ನೇರ ಅಪಾಯವಿಲ್ಲ ಎಂಬ ಅವನ ವಾದ ಮುಂದೆ ಸುಳ್ಳಾಯಿತು. ಆದರೂ ಯಂತ್ರ ಬಿಟ್ಟು ಮನುಷ್ಯರನ್ನು ನೋಡುವವರು ಕಂಡರೆ ನನಗೀಗ ಅವನ ನೆನಪಾಗುತ್ತದೆ.

ಸಿಸ್ಟರಿಗೆ ಹಾಳೆಯೊಂದರಲ್ಲಿ ತೆಲುಗು ಲಿಪಿಯಲ್ಲಿ ನಮ್ಮೂರ ಕನ್ನಡ ಬರೆದುಕೊಟ್ಟೆ. ಎರಡೂ ಲಿಪಿ ಅಕ್ಕತಂಗಿಯರಾದ್ದು ಅವತ್ತು ಒದಗಿ ಬಂತು. ಕಣ್ಣ ತೆಗಿ. ನಾಲಿಗಿ ತೋರ್ಸು. ಕೈ ಗಟ್ಟಿ ಹಿಡಿ. ಉಸರ ತಗೋ. ಜೋರ ಕೆಮ್ಮು. ಆಕೆ ಅಲ್ಲೇ ನಿಂತು ಎರಡೆರಡು ಸಲ ಓದಿ ಒಪ್ಪಿಸಿದಳು. ಫಾರಮ್ಮಿನಲ್ಲಿ ನಾನು ಬರೆದದ್ದನ್ನು ಹೊಡೆದು 'ಕನ್ನಡ' ಎಂದು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಔಷಧಿ ನಿಲ್ಲಿಸಿದಾಗ ನನ್ನನ್ನೂ ಒಳಗೆ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಹಾಳೆ ನೋಡಿ 'ಕೈ ಗಟ್ಟಿ ಹಿಡಿ' ಅಂದಳು. ಅವ್ವ ಹಿಡಿದಳು. ಆ ಹುಡುಗಿಯ ಬೆರಳ ತುದಿ ಬಿಳಿಚಿಕೊಂಡದ್ದು ನನಗೆ ಕಂಡಿತು. ಸ್ಕ್ಯಾನಿಗೆ ಕರೆದೊಯ್ಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಳವೆ ಹೊರಗಿತ್ತು.

ತೆಗೆದ ಮೇಲೂ ಎರಡು ದಿನ ಕಾಯಬೇಕು. ಕೆಲವರಿಗೆ ಮತ್ತೆ ಹಾಕಬೇಕಾಗುತ್ತದೆ. ಆ ಎರಡು ರಾತ್ರಿ ಲಿಫ್ಟಿನ ಪಕ್ಕದ ಕುರ್ಚಿಯಲ್ಲಿ ಕಳೆದೆ. ಮೂರನೇ ದಿನ ಅವ್ವನಿಗೆ ಒಡೆದ ದನಿಯಲ್ಲಿ ಮಾತು ಬಂತು.

'ಆ ಹುಡುಗಿ ಭಾಳ ಚಲೋ ಅದಾಳ' ಅಂದಳು. ಸ್ವಲ್ಪ ಸುಧಾರಿಸಿಕೊಂಡು, 'ಆದ್ರ ನನಗ ಕೆಮ್ಮು, ಹಿಡಿ ಅಂತಾಳಲೋ. ಹಿರ್ಯಾರಿಗೆ ಹಂಗಂತಾರೇನು?'

ಮಗ ಅವ್ವನಿಗೆ ಹೇಳುವ ಹಾಗೆ ಬರೆದುಕೊಟ್ಟಿದ್ದೆ. ಸಿಸ್ಟರ್ ಹತ್ತಿರ ಆ ಹಾಳೆ ಇಸಿದುಕೊಂಡು ಪ್ರತಿ ಸಾಲಿಗೂ ಒಂದೊಂದು 'ರಿ' ಸೇರಿಸಿ ಕೊಟ್ಟೆ.