ಬಾವುಟ ಹಿಡಿಯೋಕೂ ಲೈಸೆನ್ಸ್ ಬೇಕಾ?

ರಸ್ತೆ ಕೆಲಸ ನಡೆಯೋ ಕಡೆ ಕೆಂಪು ಬಾವುಟ ಹಿಡಿದು ನಿಂತಿರೋ ಮನುಷ್ಯನನ್ನ ನೀವೆಲ್ಲ ನೋಡಿರ್ತೀರ. ಮುಖ ಮಾತ್ರ ಯಾರಿಗೂ ನೆನಪಿರಲ್ಲ. ಹಾರ್ನ್ ಹೊಡೀತೀವಿ, ಮನಸ್ಸಲ್ಲೇ ಬೈಕೋತೀವಿ, ಮುಂದೆ ಹೋಗ್ತೀವಿ. ಅವನ ಕೈಲಿರೋದು ಒಂದು ತುಂಡು ಬಟ್ಟೆ. ಎದುರಿಗೆ ಬರೋದು ಜಲ್ಲಿ ತುಂಬಿದ ಟಿಪ್ಪರು. ಬಟ್ಟೆ ನೋಡಿ ಟಿಪ್ಪರು ನಿಲ್ಲುತ್ತೆ ಅನ್ನೋ ನಂಬಿಕೆ ಮೇಲೆ ಇಡೀ ವ್ಯವಸ್ಥೆ ನಡೀತಿದೆ!

ನಮ್ಮೂರು ಸತ್ತೇಗಾಲ. ಮಳವಳ್ಳಿ ಕಡೆಯಿಂದ ಕಾವೇರಿ ದಾಟಿ ಕೊಳ್ಳೇಗಾಲಕ್ಕೆ ಹೋಗೋ ಹೆದ್ದಾರಿ ನಮ್ಮ ಹ್ಯಾಂಡ್‌ಪೋಸ್ಟ್ ಮೇಲೇ ಹೋಗುತ್ತೆ. ಬೋರ್ಡಿನಲ್ಲಿ ಈಗ 948 ಅಂತಿದ್ರೂ ಊರವರ ಬಾಯಲ್ಲಿ ಇನ್ನೂ 209. ಅದರ ಅಗಲೀಕರಣ ವರ್ಷಗಟ್ಟಲೆ ಎಳೀತು, ಹಾಗಾಗಿ ಕೆಂಪು ಬಾವುಟ ನಮಗೆ ಹೊಸದಲ್ಲ. ಈ ಕಡೆಯ ರಸ್ತೆಗಳ ಮೇಲೆ ಬಸ್ಸು ಲಾರಿ ಮಾತ್ರ ಓಡಾಡಲ್ಲ. ಕಬ್ಬಿನ ಟ್ರ್ಯಾಕ್ಟರು, ಮಳೆಗಾಲದಲ್ಲಿ ಭರಚುಕ್ಕಿ ನೋಡೋಕೆ ಬರೋ ಕಾರು, ಶಿವರಾತ್ರಿ ಸಮಯದಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗೋರು ಎಲ್ಲ ಇರ್ತಾರೆ. ಸುಗ್ಗಿ ಬಂದ್ರೆ ಹುರುಳಿ ಒಕ್ಕಣೆನೂ ರಸ್ತೆ ಮೇಲೇ!

ನನಗೆ ವರಸೆಯಲ್ಲಿ ತಮ್ಮನಾಗಬೇಕಾದ ಹುಡುಗನೊಬ್ಬ ಊರ ಹತ್ತಿರದ ಒಂದು ಮೋರಿ ಕೆಲಸಕ್ಕೆ ಹೋಗ್ತಿದ್ದ. ಅರ್ಧ ರಸ್ತೆ ಅಗೆದಿದ್ರು, ಇನ್ನರ್ಧದಲ್ಲಿ ಒಂದು ಸಲಕ್ಕೆ ಒಂದು ಕಡೆಯ ಗಾಡಿ. ಆ ತುದಿಗೊಬ್ಬ, ಈ ತುದಿಗೊಬ್ಬ. ತರಬೇತಿ ಏನಾದ್ರೂ ಕೊಟ್ರಾ ಅಂತ ಕೇಳಿದೆ.

"ಯಾವ ತರಬೇತಿ ಕನಣ್ಣ? ಬಾವುಟ ಹಿಡ್ಕಂಡು ನಿಂತ್ಕ ಅಂದ್ರು, ನಿಂತ್ಕಂಡಿ."

ಆದ್ರೆ ಅವನು ಸುಮ್ಮನೆ ನಿಂತಿರಲಿಲ್ಲ. ಮೋರಿ ಇದ್ದದ್ದು ತಿರುವು ದಾಟಿದ ಮೇಲೆ. ಮೇಸ್ತ್ರಿ ನಿಲ್ಲಿಸಿದ್ದು ಗುಂಡಿ ಪಕ್ಕ. ಎರಡನೇ ದಿನ ಇವನೇ ತಿರುವಿನ ಈಚೆಗೆ ಬಂದು ನಿಂತ. "ಗುಂಡಿ ತಾವು ನಿಂತ್ರೆ ಗಾಡಿಯವ್ನಿಗೆ ನಾನೂ ಗುಂಡಿನೂ ಒಟ್ಗೇ ಕಾಣ್ತೀವಿ. ಆಮೇಲೆ ಬ್ರೇಕ್ ಹಾಕಿ ಏನ್ ಬಂತು?" ಅಂದ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕಾಗಿಯೇ ಒಂದು ಪುಸ್ತಕ ಮಾಡಿದೆ. ಐಆರ್‌ಸಿ ಎಸ್‌ಪಿ 55, ಮೊದಲು ಬಂದಿದ್ದು 2001ರಲ್ಲಿ, ಪರಿಷ್ಕರಿಸಿದ್ದು 2014ರಲ್ಲಿ. ಅದರ ಪ್ರಕಾರ ಕೆಲಸದ ಜಾಗಕ್ಕೆ ನಾಲ್ಕು ಭಾಗ. ಮೊದಲು ಮುನ್ಸೂಚನೆ ಕೊಡೋ ಭಾಗ, ಆಮೇಲೆ ಗಾಡಿಗಳನ್ನ ಪಕ್ಕಕ್ಕೆ ತಿರುಗಿಸೋ ಭಾಗ, ಆಮೇಲೆ ಕೆಲಸ ನಡೆಯೋ ಜಾಗ, ಕೊನೆಗೆ ಮತ್ತೆ ಮಾಮೂಲಿ ದಾರಿಗೆ ಸೇರಿಸೋ ಭಾಗ. ನಮ್ಮ ಹುಡುಗ ಪುಸ್ತಕ ನೋಡದೇ ಮೊದಲನೇ ಭಾಗ ಕಂಡುಹಿಡಿದಿದ್ದ ನೋಡಿ!

ಇನ್ನೊಂದು ಕಷ್ಟ ಇತ್ತು. ಇಬ್ಬರಿಗೂ ಒಬ್ಬರಿಗೊಬ್ಬರು ಕಾಣ್ತಿರಲಿಲ್ಲ. ವಾಕಿಟಾಕಿ ಕೊಟ್ಟಿರಲಿಲ್ಲ, ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೆ. ಒಂದು ಹೊಂಗೆ ಕೊಂಬೆ ಮುರ್ಕೊಂಡ್ರು. ಈ ಕಡೆಯಿಂದ ಹೋಗೋ ಕೊನೇ ಗಾಡಿಯವನ ಕೈಗೆ ಕೊಂಬೆ ಕೊಡೋದು. ಆ ತುದಿಯವನಿಗೆ ಕೊಂಬೆ ಸಿಕ್ಕಿದ್ರೆ ದಾರಿ ಖಾಲಿ ಅಂತ ಅರ್ಥ, ಅವನು ತನ್ನ ಕಡೆಯವರನ್ನ ಬಿಡ್ತಾನೆ. ಹಿಂದೆ ರೈಲಿನವರು ಟೋಕನ್ ಕೊಡ್ತಿದ್ದದ್ದೂ ಹೀಗೇ. ನಮ್ಮ ಕೋಡಿನಲ್ಲಿ ಇದಕ್ಕೆ ಮ್ಯೂಟೆಕ್ಸ್ ಅಂತೀವಿ. ಇಂಜಿನಿಯರಿಂಗ್‌ನಲ್ಲಿ ಒಂದು ಸೆಮಿಸ್ಟರ್ ಓದಿದ್ದನ್ನ ಇವರು ಒಂದು ಬೆಳಿಗ್ಗೆಯಲ್ಲಿ ಮಾಡಿದ್ರು.

ಒಂದು ಸಂಜೆ ಕೊಂಬೆ ಇಸ್ಕೊಂಡ ಬೈಕಿನವನು ಆ ತುದಿ ತಲುಪೋ ಮೊದಲೇ ಗದ್ದೆ ದಾರಿಗೆ ತಿರುಗಿಬಿಟ್ಟ. ಕೊಂಬೆಯೂ ಗದ್ದೆಗೆ ಹೋಯ್ತು! ಎರಡೂ ಕಡೆ ಗಾಡಿಗಳು ಕಾದವು. ಪಕ್ಕಾ ಡೆಡ್‌ಲಾಕ್. ತಾಳ್ಮೆ ಕೆಟ್ಟ ಲಾರಿಯವನೊಬ್ಬ ಆ ಕಡೆಯಿಂದ ನುಗ್ಗಿದ, ಈ ಕಡೆಯಿಂದ ಟ್ರ್ಯಾಕ್ಟರಿನವನು ನುಗ್ಗಿದ. ಮಧ್ಯದಲ್ಲಿ ಇಬ್ಬರೂ ಮುಖಾಮುಖಿ. ಟ್ರೈಲರ್ ಹಿಂದಕ್ಕೆ ತೆಗೆಯುವಾಗ ಚಕ್ರ ನಮ್ಮ ಹುಡುಗನ ಪಾದದ ಮೇಲೆ ಹತ್ತಿತು. ಎರಡು ಬೆರಳು ಮುರಿದವು. ಬ್ಯಾಂಡೇಜಿನ ದುಡ್ಡು ಮೇಸ್ತ್ರಿ ಕೊಟ್ಟ. ಮನೇಲಿ ಕೂತ ಮೂರು ವಾರದ ಕೂಲಿ ಯಾರೂ ಕೊಡಲಿಲ್ಲ. "ನಿನ್ನ ಯಾರ್ಲಾ ಅಲ್ಲಿ ನಿಂತ್ಕ ಅಂದೋರು?" ಅಂತ ಬೈಗುಳ ಬೇರೆ.

ನನ್ನ ಕೆಲಸ ನೋಡಿ. ಸರ್ವರಿನಲ್ಲಿ ಒಂದು ಸಾಲು ಬದಲಾಯಿಸಬೇಕಾದ್ರೆ ಇಬ್ಬರ ಒಪ್ಪಿಗೆ ಬೇಕು, ಕೆಟ್ಟರೆ ವಾಪಸ್ ತರೋದು ಹೇಗೆ ಅಂತ ಮೊದಲೇ ಬರೆದಿಡಬೇಕು, ವರ್ಷಕ್ಕೊಮ್ಮೆ ಪರೀಕ್ಷೆ ಬೇರೆ. ಕೆಟ್ಟರೆ ಏನಾಗುತ್ತೆ? ಒಂದು ಪೇಜ್ ಓಪನ್ ಆಗಲ್ಲ, ಅಷ್ಟೇ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಗಾಡಿ ನಿಲ್ಲಿಸೋ ಫಲಕ ಹಿಡಿಯೋನಿಗೆ ತರಬೇತಿ ಆಗಿ ಕಾರ್ಡ್ ಇರಬೇಕು. ಬೋರ್ಡು, ಕೋನುಗಳನ್ನ ಜೋಡಿಸೋನಿಗೆ ಬೇರೆ ಅರ್ಹತೆ, ಯೋಜನೆ ಬರೆಯೋನಿಗೆ ಇನ್ನೊಂದು. ಬ್ರಿಟನ್ನಿನಲ್ಲಿ 1991ರ ಕಾಯ್ದೆ ಪ್ರಕಾರ ನೀರು, ಕರೆಂಟು ಅಂತ ರಸ್ತೆ ಅಗೆಯೋ ಜಾಗದಲ್ಲಿ ಅರ್ಹತೆ ಪಡೆದ ಕೆಲಸಗಾರ ಒಬ್ಬನಾದ್ರೂ ಇರಲೇಬೇಕು.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 198ಎ ಅಂತ ಒಂದು ಕಲಂ ಬಂತು. ರಸ್ತೆ ಕೆಲಸದಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಯಾರಾದ್ರೂ ಸತ್ತರೆ ಅಥವಾ ಅಂಗವಿಕಲರಾದರೆ ಗುತ್ತಿಗೆದಾರನಿಗೆ, ಸಂಬಂಧಪಟ್ಟ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಳ್ಳೇದೇ. ಆದ್ರೆ ಅದು ಸತ್ತ ಮೇಲಿನ ಲೆಕ್ಕ. ತರಬೇತಿ ಅದಕ್ಕೂ ಮುಂಚೆ ಬರಬೇಕಲ್ವಾ? ನಮ್ಮ ಹುಡುಗನ ಹತ್ತಿರ ಲೇಬರ್ ಕಾರ್ಡ್ ಇದೆ. ಅವನು ಕಟ್ಟಡ ಕಾರ್ಮಿಕ ಅಂತ ಅದು ಹೇಳುತ್ತೆ. ಬಸ್ ನಿಲ್ಲಿಸೋದು ಗೊತ್ತಾ ಅಂತ ಅವನನ್ನ ಯಾರೂ ಕೇಳಿಲ್ಲ.

ಕಾರ್ಡ್ ಅಂದ ಕೂಡ್ಲೇ ಬ್ರೋಕರ್ ಹುಟ್ಕೋತಾನೆ, ದುಡ್ಡು ಕೊಟ್ರೆ ಮನೆಗೇ ಬರುತ್ತೆ ಅಂತ ನನ್ನ ಗೆಳೆಯ ನಗ್ತಾನೆ. ಡ್ರೈವಿಂಗ್ ಲೈಸೆನ್ಸ್ ಕಥೆ ಗೊತ್ತಿರೋ ನಮಗೆ ಅದನ್ನ ಅಲ್ಲಗಳೆಯೋದು ಕಷ್ಟ. ಓದು ಬರಹ ಇಲ್ಲದವರ ಕೂಲಿಗೆ ಕಲ್ಲು ಬೀಳಬಾರದು ಅನ್ನೋದೂ ಸರಿ. ಅದಕ್ಕೇ ನಾನು ಕೇಳೋದು ಕಡಿಮೆ. ಕೆಲಸ ಶುರುವಾಗೋ ಮೊದಲು ಒಂದು ದಿನ, ಅದೇ ಜಾಗದಲ್ಲಿ, ಅವರ ಭಾಷೆಯಲ್ಲಿ, ಕೂಲಿ ಕೊಟ್ಟು ಹೇಳಿಕೊಡಲಿ. ಎಲ್ಲಿ ನಿಲ್ಲಬೇಕು, ಗಾಡಿ ನಿಲ್ಲದಿದ್ರೆ ಎತ್ತ ಹಾರಬೇಕು, ಕೊಂಬೆ ಬರದಿದ್ರೆ ಏನು ಮಾಡಬೇಕು. ಜೊತೆಗೆ ಎರಡು ವಾಕಿಟಾಕಿ, ರಾತ್ರಿ ಹೊಳೆಯೋ ಜಾಕೆಟ್. ಕೋಟಿಗಟ್ಟಲೆ ಟೆಂಡರಿನಲ್ಲಿ ಇದು ಯಾವ ಲೆಕ್ಕ?

ಅವನು ಈಗ ಮತ್ತೆ ಕೆಲಸಕ್ಕೆ ಹೋಗ್ತಿದ್ದಾನೆ, ಬೇರೆ ಕಡೆ. ಕೊಂಬೆನ ಬೈಕಿನವರ ಕೈಗೆ ಕೊಡಲ್ವಂತೆ, ಬಸ್ಸಿನವರಿಗೆ ಮಾತ್ರ. "ಬಸ್ಸು ಗದ್ದೆಗೆ ತಿರುಗಕಿಲ್ವಲ್ಲಣ್ಣ" ಅಂದ.

ನಿಮ್ಮೂರ ಕಡೆ ಹೇಗೆ? ಅಲ್ಲೂ ಕೊಂಬೆನೇನಾ?