ಅಲ್ಲಾ ರೀ, ಈ ನಾಟಕದಿಂದ ನಿಮಗೆ ಸಿಕ್ಕಿದ್ದೇನು?

ಮೊನ್ನೆ ಭಾನುವಾರ ಮಗಳ ಸ್ಕೂಲ್ ಫೀಸಿನ ರಸೀದಿ ಹುಡುಕ್ತಾ ಇದ್ವಿ. ರಸೀದಿ ಸಿಗಲಿಲ್ಲ. ಬೀರುವಿನ ಮೇಲಿದ್ದ ಹಳೇ ಸೂಟ್‌ಕೇಸಿನಿಂದ ಸಿಕ್ಕಿದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕ. ರಟ್ಟು ಕಿತ್ತುಹೋಗಿ, ಮೇಲೆ ಟೀ ಲೋಟದ ಗುರುತು ಬಿದ್ದಿದ್ದ ಪುಸ್ತಕ.

ನನ್ನಾಕೆ ಅಲ್ಲೇ ಕೂತು ಜೋರಾಗಿ ಓದೋಕೆ ಶುರು ಮಾಡಿದಳು. "ಟೀ 240. ಪೊರಕೆ ಎರಡು, 110. ಬಿಳಿ ಗಡ್ಡದ ಬಾಡಿಗೆ 150. ಸೇಫ್ಟಿ ಪಿನ್ನು 20. ಟೆಂಪೋ 1800..." ಮಗಳು ಬಿಳಿ ಗಡ್ಡಕ್ಕೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಪುಟದ ಕೊನೆಗೆ ಬರೋ ಹೊತ್ತಿಗೆ ಇವಳ ದನಿ ನಿಧಾನವಾಯ್ತು. ಯಾಕಂದ್ರೆ ಒಂದೊಂದು ನಾಟಕದ ಲೆಕ್ಕದ ಕೊನೆಗೂ ನನ್ನದೇ ಅಕ್ಷರದಲ್ಲಿ ಒಂದು ಸಾಲು ಇತ್ತು: 'ಕೈಯಿಂದ ಹಾಕಿದ್ದು' ಅಂತ. ಮುಂದೆ ಒಂದು ಮೊತ್ತ.

ಪುಸ್ತಕ ಮುಚ್ಚಿ ಕೇಳಿದಳು, "ಅಲ್ಲಾ ರೀ, ಇಷ್ಟು ವರ್ಷ ಆಯ್ತಲ್ಲ, ಇದರಿಂದ ನಿಮಗೆ ಸಿಕ್ಕಿದ್ದೇನು?"

ಕೋಪದಲ್ಲಿ ಕೇಳಲಿಲ್ಲ. ಕೋಪದಲ್ಲಿ ಕೇಳಿದ್ರೆ ಉತ್ತರ ಕೊಡೋದು ಸುಲಭ ಇತ್ತು. ಅವತ್ತು ಏನೋ ಹೇಳಿ ಜಾರಿಕೊಂಡೆ. ವಾರದಿಂದ ಅದೇ ಪ್ರಶ್ನೆ ತಲೇಲಿ ಕೊರೀತಾ ಇದೆ. ಅದಕ್ಕೇ ಬರೀತಾ ಇದ್ದೀನಿ.

ನಾನು ಬೆಂಗಳೂರಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. 2007. ಕೆಲಸ ಸಿಕ್ಕಿತ್ತು, ಹನುಮಂತನಗರದಲ್ಲಿ ಒಂದು ರೂಮು ಸಿಕ್ಕಿತ್ತು, ಮಾತಾಡೋಕೆ ಮಾತ್ರ ಯಾರೂ ಸಿಕ್ಕಿರಲಿಲ್ಲ. ಒಂದು ಶನಿವಾರ ಸಂಜೆ ಸುಮ್ನೆ ಜೆ.ಸಿ. ರಸ್ತೆ ಕಡೆ ಹೋದವನು ರವೀಂದ್ರ ಕಲಾಕ್ಷೇತ್ರದ ಒಳಗೆ ಹೋಗಿ ಒಂದು ನಾಟಕ ನೋಡಿದೆ. ನಾಟಕ ಮುಗಿದ ಮೇಲೆ ಹೊರಗೆ ನಿಂತಿದ್ದಾಗ ಒಬ್ಬ ಹುಡುಗ ಬಂದು, "ಅಣ್ಣ, ಸ್ವಲ್ಪ ಕೈ ಹಾಕ್ತೀರಾ?" ಅಂದ. ಟೆಂಪೋಗೆ ಲೆವೆಲ್‌ಗಳನ್ನ ಏರಿಸಬೇಕಿತ್ತು. ಲೆವೆಲ್ ಅಂದ್ರೆ ರಂಗದ ಮೇಲೆ ಎತ್ತರ ತಗ್ಗು ಮಾಡೋಕೆ ಇಡೋ ಮರದ ದೊಡ್ಡ ಪೆಟ್ಟಿಗೆಗಳು. ಒಂದೊಂದು ಎತ್ತಿದಾಗಲೂ ಸೊಂಟ ಮಾತಾಡುತ್ತೆ! ಎಲ್ಲಾ ಏರಿಸಿದ ಮೇಲೆ ಪುಳಿಯೋಗರೆ ಪೊಟ್ಟಣ ಒಂದು ನನ್ನ ಕೈಗೂ ಬಂತು. ಫುಟ್‌ಪಾತ್ ಮೇಲೆ ಸಾಲಾಗಿ ಕೂತು ತಿಂದ್ವಿ. ನನ್ನ ಹೆಸರನ್ನ ಕೇಳಿದ್ದೇ ಪೊಟ್ಟಣ ಖಾಲಿ ಆದ ಮೇಲೆ. ಬೆಂಗಳೂರಲ್ಲಿ ಮೊದಲ ಸಲ ಅವತ್ತು ಹೊಟ್ಟೆ ತುಂಬಿದ ಹಾಗಾಯ್ತು.

ಅದೊಂದು ಹವ್ಯಾಸಿ ತಂಡ. ಎಲ್ಲರೂ ಹದಿನೆಂಟರಿಂದ ಇಪ್ಪತ್ತೈದರ ಒಳಗಿನವರು. ಕಾಲೇಜಿನವರು, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡೋನು, ಲ್ಯಾಬ್ ಟೆಕ್ನಿಷಿಯನ್ ಹುಡುಗಿ, ಒಬ್ಬ ಆಟೋ ಓಡಿಸೋನು. ಮೇಷ್ಟ್ರು ಒಬ್ಬರು ಮಾತ್ರ ಹಿರಿಯರು, ನಮ್ಮ ನಿರ್ದೇಶಕರು. ಒಂದು ಶಾಲೆಯವರು ಸಂಜೆ ಹೊತ್ತು ಒಂದು ಕೋಣೆ ಬಿಟ್ಟುಕೊಟ್ಟಿದ್ದರು. ಆರೂವರೆಯಿಂದ ಒಂಬತ್ತೂವರೆ ತಾಲೀಮು. ಬೆಂಚುಗಳನ್ನ ಗೋಡೆಗೆ ಒತ್ತಿ, ನೆಲ ಗುಡಿಸಿ, ಸುತ್ತ ಕೂತು ದನಿ ಬಿಡೋ ಅಭ್ಯಾಸದಿಂದ ಶುರು.

ನನಗೂ ಪಾತ್ರ ಮಾಡೋ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಒಂದು ವಾರ ಓದಿಸಿದ ಮೇಲೆ ಮೇಷ್ಟ್ರು ಹೆಗಲ ಮೇಲೆ ಕೈ ಹಾಕಿ, "ನಿನ್ನ ದನಿ ಮೂರನೇ ಸಾಲಿಗೆ ತಲುಪೋಲ್ಲ ಮಾರಾಯ. ನಿನ್ನ ಅಕ್ಷರ ದುಂಡಗಿದೆ. ಲೆಕ್ಕ ಬರಿ" ಅಂದ್ರು. ಅಲ್ಲಿಂದ ಲೆಕ್ಕ ನನ್ನದು, ಪರಿಕರ ನನ್ನದು. ನಾಟಕದಲ್ಲಿ ಕೈಗೆ ಬರೋ ಸಾಮಾನಿಗೆ ಪರಿಕರ ಅಂತಾರೆ. ಕೋಲು, ಕೊಡ, ಓಲೆ, ಕತ್ತಿ, ಪೊರಕೆ. ವಿಂಗಿನ ಹಿಂದೆ ಒಂದು ಮೇಜು, ಅದರ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು ಒಂದೊಂದು ಚೌಕದಲ್ಲಿ ಒಂದೊಂದು ವಸ್ತು. ಕತ್ತಲಲ್ಲಿ ನಟ ಓಡಿ ಬಂದು ಕೈ ಚಾಚಿದ್ರೆ ಅವನ ಕೈಗೆ ಬೇಕಾದ್ದು ಸಿಗಬೇಕು, ನೋಡದೇನೇ. ಸಿಕ್ಕಿದ್ರೆ ಯಾರೂ ನಿಮ್ಮನ್ನ ನೆನೆಯೋಲ್ಲ. ಸಿಗದಿದ್ರೆ ಜನ್ಮ ಪೂರ್ತಿ ನೆನೀತಾರೆ :)

ಈ ಕೆಲಸದಲ್ಲಿ ಕಲಿತದ್ದು ಬೇಕಾದಷ್ಟಿದೆ. ಮೂರು ಸಾವಿರಕ್ಕೆ ಹತ್ತು ಜನರ ಬಟ್ಟೆ ಹೊಲಿಸೋದು ಹೇಗೆ, ಲೈಟಿನವರ ಹತ್ತಿರ ಚೌಕಾಸಿ ಹೇಗೆ, ಮೂರನೇ ಬೆಲ್ ಆದ ಮೇಲೆ ಸೀನು ತಡೆಯೋದು ಹೇಗೆ. ಮೇಷ್ಟ್ರು ಟೀ ಹೊತ್ತಲ್ಲಿ ಹೇಳ್ತಿದ್ದ ಕಥೆಗಳು ಬೇರೆ. ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದು, 1972ರಲ್ಲಿ ಅವರೇ ಈ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಈಡಿಪಸ್, ಸಂಕ್ರಾಂತಿ, ಜೋಕುಮಾರಸ್ವಾಮಿ ಆಡಿಸಿದ್ದು, ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಕಟ್ಟಿದ್ದು, 1985ರಿಂದ ಅವರ ತಿರುಗಾಟ ಊರೂರಿಗೆ ನಾಟಕ ಹೊತ್ತು ತಿರುಗಿದ್ದು. ನಮ್ಮ ತಂಡದ ಇಬ್ಬರು ಆಮೇಲೆ ಹೆಗ್ಗೋಡಿಗೆ ಹೋಗಿ ಕಲಿತೂ ಬಂದ್ರು. ಒಂದು ಶಾಲೆಯ ಕೋಣೆಯಲ್ಲಿ ಬೆಂಚು ಸರಿಸೋ ನಮಗೂ ಆ ಹಿರಿಯರಿಗೂ ಏನೋ ನಂಟಿದೆ ಅನ್ನಿಸೋದು. ಅದೇನು ಸಣ್ಣ ಖುಷಿಯಲ್ಲ.

ಆದ್ರೆ ಇವಳ ಪ್ರಶ್ನೆಗೆ ಇದು ಉತ್ತರ ಅಲ್ಲ ಅಂತ ನನಗೂ ಗೊತ್ತು. ಯಾಕಂದ್ರೆ ಆ ಪ್ರಶ್ನೆಯ ಹಿಂದೆ ಒಂದು ರಾತ್ರಿ ಇದೆ.

2015. ಮಗಳಿಗೆ ಮೂರು ವರ್ಷ. ಪ್ರದರ್ಶನದ ದಿನ ಬೆಳಗ್ಗೆಯಿಂದ ಅವಳಿಗೆ ಮೈ ಬಿಸಿ ಇತ್ತು. "ಹೋಗ್ಲೇಬೇಕಾ?" ಅಂತ ಇವಳು ಕೇಳಿದಳು. "ಎರಡು ಗಂಟೆ ನಾಟಕ, ಮುಗಿದ ತಕ್ಷಣ ಬರ್ತೀನಿ" ಅಂದೆ. ವಿಂಗಿನಲ್ಲಿ ನಿಲ್ಲೋವಾಗ ಮೊಬೈಲ್ ಆಫ್ ಮಾಡೋದು ನಮ್ಮ ತಂಡದ ನಿಯಮ. ನಾನೇ ಎಲ್ಲರಿಗೂ ಜ್ಞಾಪಿಸ್ತಿದ್ದ ನಿಯಮ. ನಾಟಕ ಮುಗಿದು, ಸಾಮಾನು ಕಟ್ಟಿ, ಹತ್ತೂಮುಕ್ಕಾಲಿಗೆ ಮೊಬೈಲ್ ಆನ್ ಮಾಡಿದ್ರೆ ಹದಿನಾರು ಮಿಸ್ಡ್ ಕಾಲ್. ಜ್ವರ 103 ದಾಟಿ, ಮಗು ಕಣ್ಣು ಮೇಲೆ ಮಾಡಿ, ಪಕ್ಕದ ಮನೆಯವರು ಅವರ ಸ್ಕೂಟರಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದರು. ನಾನು ಹೋಗೋ ಹೊತ್ತಿಗೆ ಮಗಳು ನಿದ್ದೆ ಮಾಡ್ತಿದ್ದಳು. ಇವಳು ಏನೂ ಅನ್ನಲಿಲ್ಲ. ನನ್ನ ಕೆನ್ನೆಗೆ ಮೆತ್ತಿದ್ದ ಬಣ್ಣವನ್ನ ಸೆರಗಲ್ಲಿ ಒರೆಸಿದಳು, ಅಷ್ಟೇ. ಬೇರೆಯವರಿಗೆ ಮೇಕಪ್ ಹಚ್ಚೋವಾಗ ತಾಗಿದ ಬಣ್ಣ ಅದು.

ಅದನ್ನ ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ ನಾನು. ಆದ್ರೆ ಇವಳ ಹತ್ತಿರ ಆ ಪುಟ ಇದೆ.

ಅದಾದ ಮೇಲೆ ಎರಡು ವರ್ಷ ತಂಡದ ಕಡೆ ಹೋಗಲಿಲ್ಲ. ಮತ್ತೆ ಹೋಗಿದ್ದು ಇವಳೇ ಕಳಿಸಿದ್ದಕ್ಕೆ. "ಮನೇಲಿ ಇದ್ರೂ ಇಲ್ಲದ ಹಾಗೆ ಇರ್ತೀರಿ, ಹೋಗಿ ಬನ್ನಿ" ಅಂದಳು. ನಿಯಮ ಮಾತ್ರ ಬದಲಾಯ್ತು. ಈಗ ವಿಂಗಿನಲ್ಲಿ ಒಬ್ಬರ ಕೈಲಿ ಎಲ್ಲರ ಮೊಬೈಲೂ ಇರುತ್ತೆ, ಸೈಲೆಂಟ್‌ನಲ್ಲಿ. ಮನೆಯಿಂದ ಫೋನ್ ಬಂದ್ರೆ ಅವರು ಹೊರಗೆ ಹೋಗಿ ಎತ್ತುತ್ತಾರೆ.

2019ರಲ್ಲಿ ಕುವೆಂಪು ಅವರ 'ಜಲಗಾರ' ಎತ್ತಿಕೊಂಡ್ವಿ. 1928ರ ನಾಟಕ, ಚಿಕ್ಕದು. ಊರಿನವರೆಲ್ಲ ಶಿವನ ಗುಡಿಗೆ ಹೊರಟಾಗ ಬೀದಿ ಗುಡಿಸುವವನೊಬ್ಬ ಮಾತ್ರ ಹೋಗದೆ ತನ್ನ ಕೆಲಸದಲ್ಲೇ ಇರ್ತಾನೆ. ಕೊನೆಗೆ ಶಿವನೇ ಜಲಗಾರನ ರೂಪದಲ್ಲಿ ಅವನಿದ್ದಲ್ಲಿಗೆ ಬರ್ತಾನೆ. ಪದ್ಯದ ಓಟದ ಮಾತು, ಈಗಿನ ಹುಡುಗರ ನಾಲಗೆಗೆ ಕಷ್ಟ. ಅದರಲ್ಲಿ ಗುಡಿಗೆ ಹೋಗುವ ಗುಂಪಿನ ಒಬ್ಬನಾಗಿ ಒಂದು ಡಿಗ್ರಿ ಓದೋ ಹುಡುಗ ಇದ್ದ. ಬಹಳ ಮಾತು. ತಾಲೀಮಿನಲ್ಲಿ ಎಲ್ಲರನ್ನೂ ನಗಿಸೋನು. ಅವನ ಅಮ್ಮ ಪ್ರತಿ ಪ್ರದರ್ಶನಕ್ಕೂ ಬಂದು ಮುಂದಿನ ಸಾಲಲ್ಲಿ ಕೂರೋರು, ಬರೋವಾಗ ಡಬ್ಬೀಲಿ ಚಕ್ಕುಲಿ.

2020ರಲ್ಲಿ ಕೊರೊನಾ ಬಂತು, ಶಾಲೆ ಬಾಗಿಲು ಮುಚ್ಚಿತು, ನಮ್ಮ ಲೆವೆಲ್‌ಗಳು ಯಾರದೋ ಗೋಡೌನಿನಲ್ಲಿ ಧೂಳು ತಿಂದ್ವು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಆ ಹುಡುಗನ ಅಮ್ಮ ಹೋಗಿಬಿಟ್ರು. ನಮಗೆ ಯಾರಿಗೂ ಹೋಗೋಕಾಗಲಿಲ್ಲ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯೋ ಚಿತ್ರ ಹಾಕಿದ್ವಿ. ಅಷ್ಟು ದಿನ ಒಟ್ಟಿಗೆ ಉಂಡವರು ನಾವು ಮಾಡಿದ್ದು ಅಷ್ಟೇ.

ವರ್ಷದ ಕೊನೆಗೆ ಮತ್ತೆ ತಾಲೀಮು ಶುರುವಾದಾಗ ಬಂದವರು ಅರ್ಧ ಜನ. ನಾನೂ ಇನ್ನು ಸಾಕು ಅಂದುಕೊಂಡೇ ಲೆಕ್ಕದ ಪುಸ್ತಕ ಒಪ್ಪಿಸೋಕೆ ಹೋಗಿದ್ದೆ. ಬೇಗ ಹೋಗಿದ್ದೆ, ಇನ್ನೂ ಆರು ಗಂಟೆ. ಕೋಣೆ ಬಾಗಿಲು ತೆಗೆದಿತ್ತು. ಒಳಗೆ ಆ ಹುಡುಗ ಒಬ್ಬನೇ ನೆಲ ಗುಡಿಸ್ತಾ ಇದ್ದ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ದೊಡ್ಡವನ ಥರ, "ಯಾಕೋ ಬರೋಕೆ ಹೋದೆ? ಮನೇಲಿ ಅಪ್ಪನ ಜೊತೆ ಇರೋದಲ್ವಾ?" ಅಂದುಬಿಟ್ಟೆ.

ಅವನು ಗುಡಿಸೋದು ನಿಲ್ಲಿಸಲಿಲ್ಲ. "ಮನೆಗೆ ಬಂದೋರೆಲ್ಲ ಹೇಗಿದ್ದೀಯ, ಹೇಗಿದ್ದೀಯ ಅಂತ ಕೇಳ್ತಾರಣ್ಣ. ಇಲ್ಲಿ ಯಾರೂ ಕೇಳಲ್ಲ. ಕೆಲಸ ಹೇಳ್ತೀರ" ಅಂದ.

ನಾನು ಪುಸ್ತಕವನ್ನ ಚೀಲದ ಒಳಗೇ ಇಟ್ಟುಕೊಂಡೆ. ಬೆಂಚು ಸರಿಸೋಕೆ ಶುರು ಮಾಡಿದೆ.

ಅವನು ಪಾತ್ರ ಬೇಡ ಅಂದ. ಮೇಷ್ಟ್ರು ಒತ್ತಾಯ ಮಾಡಲಿಲ್ಲ, ನನ್ನ ಜೊತೆ ಹಾಕಿದ್ರು. ಪರಿಕರದ ಮೇಜಿನ ಚೌಕ ಬರೆಯೋದು ಕಲಿಸಿದೆ. ಗುಡಿಯ ಜಾಗಟೆ ಬಾರಿಸೋ ಕೆಲಸವೂ ಅವನಿಗೇ ಬಂತು. 2022ರ ಮಾರ್ಚ್‌ನಲ್ಲಿ ಮತ್ತೆ ಜಲಗಾರ. ತಾಲೀಮಿನಲ್ಲಿ ಎಲ್ಲಾ ಸರಿಯಾಗೇ ಇತ್ತು. ಪ್ರದರ್ಶನದ ದಿನ ಜನ ಒಳಗೆ ಬರ್ತಿದ್ದಾಗ ಅವನು ಪರದೆ ಸಂದಿನಿಂದ ಮುಂದಿನ ಸಾಲು ನೋಡಿದ. ನಾನೂ ನೋಡಿದೆ. ಆ ಕುರ್ಚಿಯಲ್ಲಿ ಯಾರೋ ಬೇರೆಯವರು ಕೂತಿದ್ರು.

ನಾಟಕ ಶುರುವಾಯ್ತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಅವನ ಉಸಿರು ಬೇರೆ ಥರ ಕೇಳಿಸ್ತು. ಕತ್ತಲಲ್ಲಿ ಅಳ್ತಾ ಇದ್ದ, ದನಿ ಬರದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಜಾಗಟೆಗೆ ಇನ್ನು ನಾಲ್ಕೈದು ಮಾತಷ್ಟೇ ಬಾಕಿ. ನಾನು ಕೋಲು ತಗೊಳ್ಳೋಕೆ ಕೈ ಚಾಚಿದೆ, ನಾನೇ ಬಾರಿಸೋಣ ಅಂತ. ಅವನು ಬೇಡ ಅಂತ ತಲೆ ಆಡಿಸಿದ. ಕಣ್ಣೀರು ಇಳೀತಾನೇ ಇತ್ತು. ಮಾತು ಬಂತು. ಸರಿಯಾದ ಜಾಗದಲ್ಲಿ, ತಾಳ ಒಂದಿಷ್ಟೂ ತಪ್ಪದೆ ಬಾರಿಸಿದ. ಹೊರಗೆ ಕೂತಿದ್ದ ಯಾರಿಗೂ ಏನೂ ಗೊತ್ತಾಗಲಿಲ್ಲ. ಅವರಿಗೆ ಕೇಳಿಸಿದ್ದು ಗುಡಿಯ ಜಾಗಟೆ.

ನಾಟಕ ಮುಗಿದ ಮೇಲೆ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಲೆವೆಲ್ ಏರಿಸಿದ್ವಿ, ಪೊಟ್ಟಣ ಬಿಚ್ಚಿದ್ವಿ. ಅವತ್ತು ಚಿತ್ರಾನ್ನ. ತಿಂದು ಕೈ ತೊಳೆಯೋವಾಗ, "ಅಣ್ಣ, ಮುಂದಿನ ಸಲ ಪಾತ್ರ ಮಾಡ್ತೀನಿ" ಅಂದ.

ನನಗೆ ಸಿಕ್ಕಿದ್ದು ಇದು ಅಂತ ಇವಳಿಗೆ ಹೇಳಬೇಕು ಅನ್ನಿಸ್ತು. ನಾಟಕ ಅವನ ದುಃಖ ಕಳೀತು ಅಂತ ನಾನು ಹೇಳಲ್ಲ, ಅಂಥ ಔಷಧಿ ಯಾವುದೂ ಇಲ್ಲ. ದುಃಖ ಇಟ್ಟುಕೊಂಡೇ ಮಾಡಬಹುದಾದ ಒಂದು ಕೆಲಸ, ಪಕ್ಕದಲ್ಲಿ ನಿಲ್ಲೋಕೆ ಒಬ್ಬರು. ತಂಡ ಅವನಿಗೆ ಕೊಟ್ಟಿದ್ದು ಅಷ್ಟು. ಹನುಮಂತನಗರದ ರೂಮಿನ ಆ ಇಪ್ಪತ್ತನಾಲ್ಕರ ಹುಡುಗನಿಗೆ ಪುಳಿಯೋಗರೆ ಪೊಟ್ಟಣದಲ್ಲಿ ಸಿಕ್ಕಿದ್ದೂ ಅದೇ. ನನ್ನ ಕೈಗೆ ಬಂದದ್ದನ್ನ ಇನ್ನೊಂದು ಕೈಗೆ ದಾಟಿಸೋಕೆ ನನಗೊಂದು ಮೇಜು ಸಿಕ್ಕಿತು, ಸೀಮೆಸುಣ್ಣದ ಚೌಕಗಳಿರೋ ಮೇಜು. ಅದರಿಂದ 2015ರ ಆ ರಾತ್ರಿಯ ಲೆಕ್ಕ ಚುಕ್ತಾ ಆಗಲ್ಲ, ಗೊತ್ತು.

ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಇವಳಿಗೆ ಹೇಳಿದೆ. ಹುಡುಗನ ವಿಷಯ ಇಷ್ಟು ವರ್ಷ ಹೇಳಿರಲೇ ಇಲ್ಲ. ಸುಮ್ನೆ ಕೇಳಿಸಿಕೊಂಡಳು. ಆಮೇಲೆ, "ಅವನಮ್ಮನ ಚಕ್ಕುಲಿ ನೀವು ಒಂದು ಸಲ ಮನೆಗೂ ತಂದಿದ್ರಿ. ಎಳ್ಳು ಜಾಸ್ತಿ ಹಾಕಿದ್ರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗನನ್ನ ಒಂದಿನ ಊಟಕ್ಕೆ ಕರೀರಿ" ಅಂದಳು.

ಪಕ್ಕದ ರೂಮಿನಿಂದ ಮಗಳು, "ಅಪ್ಪಾ, ಆ ಬಿಳಿ ಗಡ್ಡ ಈಗಲೂ ಇದ್ಯಾ?" ಅಂತ ಕೂಗಿದಳು. ಬಾಡಿಗೇದಮ್ಮ, ವಾಪಸ್ ಕೊಟ್ಟಾಯ್ತು ಅಂದೆ :)

ನಿಮ್ಮ ಊರಲ್ಲೂ ಇಂಥ ಹುಡುಗರ ತಂಡ ಇರುತ್ತೆ. ಟಿಕೆಟ್ ತಗೊಂಡು ಹೋಗಿ ನೋಡಿ. ನಾಟಕ ಚೆನ್ನಾಗಿದೆಯೋ ಇಲ್ಲವೋ ಅದು ನಿಮ್ಮ ಅಭಿಪ್ರಾಯ. ಮುಗಿದ ಮೇಲೆ ಹೊರಗೆ ಟೆಂಪೋಗೆ ಏನಾದ್ರೂ ಏರಿಸ್ತಾ ಇದ್ರೆ ಮಾತ್ರ ಸುಮ್ನೆ ನಿಂತು ನೋಡಬೇಡಿ, ಸ್ವಲ್ಪ ಕೈ ಹಾಕಿ. ಸೊಂಟ ಹುಷಾರು!